ಮಿಡ್‌ಫೀಲ್ಡಿನ ವಲಸೆಗಾರ

1970ರ ಮಾರ್ಚ್ 2ರಂದು ಸ್ವಿಟ್ಜರ್ಲೆಂಡಿನ ಆರ್ಗೌ ಪ್ರಾಂತ್ಯದ ವೋಲೆನ್ ಎಂಬ ಊರಿನಲ್ಲಿ ಇಟಲಿಯ ದಂಪತಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಮೂರು ತಿಂಗಳು ತುಂಬಿ ನಾಲ್ಕಾರು ದಿನ ಕಳೆದಿರಬೇಕು, ಇಂಥ ಕುಟುಂಬಗಳು ದೇಶದಲ್ಲಿ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಆ ದೇಶದ ಗಂಡಸರು ಮತ ಹಾಕಿದರು. ಗಂಡಸರು ಎಂದೇ ಹೇಳಬೇಕು. ಸ್ವಿಸ್ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು ಅದರ ಮರುವರ್ಷ. ಪ್ರಸ್ತಾವ ಬಿದ್ದುಹೋಯಿತು, ಕುಟುಂಬಗಳು ಉಳಿದವು. ಮಗು ಬೆಳೆದು ಚಿರಿಯಾಕೊ ಸ್ಫೋರ್ಜಾ ಎಂಬ ಫುಟ್‌ಬಾಲ್ ಆಟಗಾರನಾಗಿ, ಸ್ವಿಟ್ಜರ್ಲೆಂಡಿನ ಪರ 79 ಪಂದ್ಯ ಆಡಿ, ಜರ್ಮನಿಯ ಲೀಗನ್ನು ಎರಡು ಬೇರೆ ಬೇರೆ ಕ್ಲಬ್ಬುಗಳ ಪರ ಗೆದ್ದು, 2006ರಲ್ಲಿ ನಿವೃತ್ತನಾದ. ಕ್ರೀಡಾಪುಟಗಳು ಈ ಬದುಕನ್ನು ಗೋಲು, ಕಪ್ಪು, ಕ್ಲಬ್ಬುಗಳ ಪಟ್ಟಿಯಾಗಿ ಹೇಳುತ್ತವೆ. ಅದು ತಪ್ಪೇನಲ್ಲ. ಆದರೆ ಸ್ಫೋರ್ಜಾ ಅವರ ಆಟದ ಬದುಕು ಮೊದಲಿಗೆ ದುಡಿಮೆಯ ಚರಿತ್ರೆಯ ಒಂದು ಅಧ್ಯಾಯ, ಆಮೇಲೆ ಕ್ರೀಡೆಯ ಚರಿತ್ರೆಯದು ಎಂಬುದು ನನ್ನ ವಾದ. ಯಾರು ಒಳಗೆ ಬರಬಹುದು, ಯಾರು ಕರೆದರೆ ಎಲ್ಲಿಗೆ ಹೋಗಬಹುದು, ಎಷ್ಟು ದಿನ ಬೇಕಾದವರಾಗಿರಬಹುದು ಎಂಬ ಪ್ರಶ್ನೆಗಳು ಯುರೋಪಿನ ವಲಸೆ ಕೂಲಿಗಳನ್ನು ಕಾಡಿದ ಹಾಗೆಯೇ ಈ ಮಿಡ್‌ಫೀಲ್ಡರನನ್ನೂ ಹೆಜ್ಜೆಹೆಜ್ಜೆಗೆ ಎದುರುಗೊಂಡವು.

ವೋಲೆನ್ ಹೊರಜಗತ್ತಿಗೆ ಅಪರಿಚಿತ ಹಳ್ಳಿಯಾಗಿರಲಿಲ್ಲ. ಫ್ರೈಯಾಮ್ಟ್ ಎಂಬ ಆ ಸೀಮೆಯಲ್ಲಿ ಹುಲ್ಲು ಹೆಣೆದು ಟೋಪಿಗೆ ಬೇಕಾದ ಪಟ್ಟಿ, ಅಲಂಕಾರಗಳನ್ನು ಮಾಡುವ ಕಸುಬು ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟು ಬೆಳೆಯಿತೆಂದರೆ, ಯುರೋಪಿನ ಫ್ಯಾಷನ್ ನಗರಗಳಿಗೂ ಅಟ್ಲಾಂಟಿಕ್‌ನ ಆಚೆಗೂ ಸರಕು ಹೋಗುತ್ತಿತ್ತು. ಊರಿಗೆ ‘ಪುಟ್ಟ ಪ್ಯಾರಿಸ್’ ಎಂಬ ಅಡ್ಡಹೆಸರೂ ಬಂತು. ಜನ ಟೋಪಿ ಹಾಕುವುದನ್ನು ಬಿಟ್ಟರು, ಕಸುಬು ಸೊರಗಿತು. ಈಗ ಅಲ್ಲಿ ಉಳಿದಿರುವುದು ಒಂದು ಹುಲ್ಲಿನ ವಸ್ತುಸಂಗ್ರಹಾಲಯ. ಹೊರಗಿನ ಬೇಡಿಕೆಯ ಮೇಲೆ ಬದುಕುವುದು ಎಂದರೇನು ಎಂಬುದು ಈ ಊರಿಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕಾಗಿ ಇದನ್ನು ಹೇಳಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳು ಒಡೆಯದೆ, ಸುಡದೆ ಇದ್ದವು. ಬೇಕಾಗಿದ್ದದ್ದು ಕೈಗಳು. 1948ರಲ್ಲಿ ಇಟಲಿಯೊಂದಿಗೆ ಒಪ್ಪಂದವಾಯಿತು, 1964ರಲ್ಲಿ ಅದನ್ನು ತಿದ್ದಿ ಬರೆದರು. ದಕ್ಷಿಣದಿಂದ ರೈಲುಗಟ್ಟಲೆ ಜನ ಬಂದರು. ರಸ್ತೆ, ಅಣೆಕಟ್ಟು, ಕಟ್ಟಡ, ಹೋಟೆಲು ಎಲ್ಲಿ ನೋಡಿದರೂ ಅವರೇ. ಬಹಳ ಮಂದಿಗೆ ಸಿಗುತ್ತಿದ್ದದ್ದು ಹಂಗಾಮಿನ ಪರವಾನಗಿ. ವರ್ಷದಲ್ಲಿ ಒಂಬತ್ತು ತಿಂಗಳು ದುಡಿಯಬಹುದು, ಆಮೇಲೆ ಊರಿಗೆ ಹಿಂತಿರುಗಬೇಕು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಕದ್ದು ಕರೆತಂದ ಮಕ್ಕಳು ಪೊಲೀಸರ ಕಣ್ಣಿಗೆ ಬೀಳದಂತೆ ದಿನವೆಲ್ಲ ಕೋಣೆಯೊಳಗೆ ಸದ್ದಿಲ್ಲದೆ ಇರಬೇಕಿತ್ತು. ಈ ಪದ್ಧತಿ ಕಾನೂನಿನಿಂದ ಪೂರ್ತಿ ತೊಲಗಿದ್ದು 2002ರಲ್ಲಿ. 1965ರ ಆಗಸ್ಟ್ 30ರಂದು ಮಾಟ್‌ಮಾರ್ಕ್ ಅಣೆಕಟ್ಟಿನ ಕೆಲಸದ ಜಾಗದ ಮೇಲೆ ಹಿಮನದಿಯ ತುದಿ ಮುರಿದುಬಿದ್ದು 88 ಮಂದಿ ಸತ್ತರು. ಅವರಲ್ಲಿ 56 ಮಂದಿ ಇಟಲಿಯವರು. ಸ್ವಿಸ್ ಸಮೃದ್ಧಿಯನ್ನು ಯಾರ ಮೈ ಹೊತ್ತಿತ್ತು ಎಂಬುದಕ್ಕೆ ಈ ಎರಡು ಸಂಖ್ಯೆಗಳಿಗಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

1970ರ ಪ್ರಸ್ತಾವವನ್ನು ತಂದವರು ಜೇಮ್ಸ್ ಶ್ವಾರ್ಜೆನ್‌ಬಾಖ್, ಜ್ಯೂರಿಕ್‌ನ ಪ್ರಕಾಶಕ, ಸಂಸದ, ಹಳೆಯ ಸಿರಿವಂತ ಜವಳಿ ಮನೆತನದವರು. ಯಾವ ಕ್ಯಾಂಟನ್ನಿನಲ್ಲೂ, ಅಂದರೆ ಪ್ರಾಂತ್ಯದಲ್ಲೂ, ವಿದೇಶಿಯರು ಶೇ. 10ನ್ನು ಮೀರಬಾರದು, ಜಿನೀವಾಕ್ಕೆ ಮಾತ್ರ ಶೇ. 25ರವರೆಗೆ ವಿನಾಯಿತಿ ಎಂಬುದು ಅವರ ಬೇಡಿಕೆ. ಆಗ ದೇಶದ ಜನಸಂಖ್ಯೆಯಲ್ಲಿ ವಿದೇಶಿಯರ ಪಾಲು ಶೇ. 17ರ ಆಸುಪಾಸು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಇಟಲಿಯವರು. ಪ್ರಸ್ತಾವ ಗೆದ್ದಿದ್ದರೆ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಮತ ಹಾಕಿದವರಲ್ಲಿ ಶೇ. 46 ಮಂದಿ ಅದಕ್ಕೆ ‘ಹೌದು’ ಎಂದರು. ಸರ್ಕಾರ, ದೊಡ್ಡ ಪಕ್ಷಗಳು, ಕೈಗಾರಿಕೆ, ಕಾರ್ಮಿಕ ಸಂಘ ಎಲ್ಲವೂ ಒಂದಾಗಿ ಬೇಡವೆಂದಿದ್ದರೂ ಇಷ್ಟು ಮತ ಬಿದ್ದದ್ದು ಗಮನಿಸಬೇಕಾದ ಮಾತು. ಉಳಿದವರು ಉಳಿದರು ನಿಜ, ಆದರೆ ಉಳಿದ ಮಾತ್ರಕ್ಕೆ ಅಲ್ಲಿಯವರಾಗಲಿಲ್ಲ. ಸ್ವಿಸ್ ಕಾನೂನಿನಲ್ಲಿ ಆ ನೆಲದಲ್ಲಿ ಹುಟ್ಟಿದ್ದು ಪೌರತ್ವಕ್ಕೆ ಸಾಲದು. ತಂದೆತಾಯಿ ಇಟಲಿಯವರಾದರೆ ಮಗುವೂ ಇಟಲಿಯದೇ. ಮುಂದೆ ಅರ್ಜಿ ಹಾಕಬೇಕು, ವರ್ಷಗಳ ವಾಸ ತೋರಿಸಬೇಕು, ಊರಿನ ಪಂಚಾಯಿತಿಯಂಥ ಸ್ಥಳೀಯ ಆಡಳಿತದಿಂದ ಹಿಡಿದು ಕ್ಯಾಂಟನ್, ಒಕ್ಕೂಟದವರೆಗೆ ಮೂರು ಬಾಗಿಲು ದಾಟಬೇಕು. 1970ರ ದಶಕದ ನಡುವೆ ತೈಲದ ಬಿಕ್ಕಟ್ಟು ಬಂದಾಗ ಕೆಲಸ ಕಳೆದುಕೊಂಡ ವಿದೇಶಿಯರು ದೊಡ್ಡ ಸಂಖ್ಯೆಯಲ್ಲಿ ತಮ್ಮ ದೇಶಗಳಿಗೆ ಮರಳಿದರು. ಸ್ವಿಸ್ ನಿರುದ್ಯೋಗದ ಲೆಕ್ಕ ಆ ವರ್ಷಗಳಲ್ಲಿ ಚೊಕ್ಕಟವಾಗಿ ಕಾಣಲು ಇದೂ ಒಂದು ಕಾರಣ. ಹೀಗೆ ಮತದಿಂದಲ್ಲದಿದ್ದರೆ ಮಂದಗತಿಯ ಮಾರುಕಟ್ಟೆಯಿಂದ ತೆರವಾಗಬಹುದಾದ ಬೀದಿಗಳಲ್ಲಿ ಸ್ಫೋರ್ಜಾ ಅವರ ತಲೆಮಾರು ಚೆಂಡು ಒದೆಯಲು ಕಲಿಯಿತು.

ಇಲ್ಲಿ ಒಂದು ತಕರಾರನ್ನು ಮೊದಲೇ ಎತ್ತಿಕೊಳ್ಳಬೇಕು. ಸ್ವಿಸ್ ಫುಟ್‌ಬಾಲಿಗೆ ಹೊರಗಿನವರು ಹೊಸಬರೇ? ಅಲ್ಲ. 1930ರ ದಶಕದಲ್ಲಿ ಆ ದೇಶಕ್ಕೆ ಆಟದ ಒಂದು ವ್ಯಾಕರಣವನ್ನೇ ಬರೆದುಕೊಟ್ಟವರು ವಿಯೆನ್ನಾದಿಂದ ಬಂದ ಕಾರ್ಲ್ ರಾಪನ್. ಹಿಂದೆ ಒಬ್ಬ ಹೆಚ್ಚಿನ ರಕ್ಷಕನನ್ನು ನಿಲ್ಲಿಸಿ ಬಾಗಿಲಿಗೆ ಅಗುಳಿ ಹಾಕುವ ಅವರ ತಂತ್ರವನ್ನೇ ಇಟಲಿಯವರು ಮುಂದೆ ಬೆಳೆಸಿಕೊಂಡರು. 1938ರ ಜೂನ್ 9ರಂದು ಪ್ಯಾರಿಸ್‌ನಲ್ಲಿ ನಡೆದ ವಿಶ್ವಕಪ್ ಮರುಪಂದ್ಯದಲ್ಲಿ, ಆಸ್ಟ್ರಿಯಾವನ್ನು ನುಂಗಿ ಕೂತಿದ್ದ ನಾಜಿ ಜರ್ಮನಿಯ ಎದುರು ಎರಡು ಗೋಲು ಹಿಂದಿದ್ದ ಸ್ವಿಟ್ಜರ್ಲೆಂಡ್ 4-2ರಿಂದ ಗೆದ್ದಾಗ ಮೊದಲ ಸ್ವಿಸ್ ಗೋಲು ಹೊಡೆದವರು ಮಾಸ್ಕೋದಲ್ಲಿ ಹುಟ್ಟಿ ಜಿನೀವಾದಲ್ಲಿ ಬೆಳೆದ ಯೂಜೀನ್ ವಾಲಾಶೆಕ್. ಹಾಗಾದರೆ ಸ್ಫೋರ್ಜಾ ಅವರಲ್ಲಿ ಹೊಸದೇನು? ರಾಪನ್, ವಾಲಾಶೆಕ್ ಒಂಟಿ ವ್ಯಕ್ತಿಗಳಾಗಿ ಬಂದವರು. ಒಬ್ಬರು ಪರಿಣತಿ ಹೊತ್ತು ಬಂದರು, ಇನ್ನೊಬ್ಬರನ್ನು ಯುದ್ಧ, ಕ್ರಾಂತಿಗಳ ಕಾಲ ತಂದು ಬಿಟ್ಟಿತು. ಸ್ಫೋರ್ಜಾ ಬಂದದ್ದು ಒಂದು ಇಡೀ ವರ್ಗದ ಒಳಗಿನಿಂದ, ದೇಶ ಯೋಜನೆ ಹಾಕಿ ಕರೆಸಿಕೊಂಡ ಮತ್ತು ಯೋಜನೆ ಹಾಕಿಯೇ ದೂರ ಇಟ್ಟ ವರ್ಗದ ಒಳಗಿನಿಂದ. ಅವರಿಗಿಂತ ಸ್ವಲ್ಪ ಮುಂಚೆ, 1988ರಲ್ಲಿ, ಬೆಲಿಂಜೋನಾದಲ್ಲಿ ತುರ್ಕಿ ತಂದೆತಾಯಿಗೆ ಹುಟ್ಟಿದ ಕುಬಿಲಾಯ್ ತುರ್ಕಿಲ್ಮಾಜ್ ರಾಷ್ಟ್ರೀಯ ತಂಡಕ್ಕೆ ಬಂದಿದ್ದರು. ಆದರೆ ತುರ್ಕಿಲ್ಮಾಜ್ ಮುಂಚೂಣಿಯ ಆಟಗಾರ, ಗೋಲು ಹೊಡೆಯುವುದು ಅವರ ಕೆಲಸ. ಮಿಡ್‌ಫೀಲ್ಡಿನ ನಡುವೆ ನಿಂತು ಉಳಿದ ಒಂಬತ್ತು ಜನಕ್ಕೆ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂದು ಹೇಳುವ ಜಾಗಕ್ಕೆ ಹೊರಗಿನವರ ಮಗ ಬಂದು ಹತ್ತು ವರ್ಷ ನಿಂತದ್ದು ಬೇರೆಯೇ ಸಂಗತಿ.

ಅದಕ್ಕೆ ಮುಂಚೆ ಆ ಜಾಗದಲ್ಲಿ ನಿಂತವರು ಯಾರು ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1960ರ, 70ರ ದಶಕಗಳಲ್ಲಿ ಜ್ಯೂರಿಕ್‌ನ ಕೋಬಿ ಕುನ್. ಒಂದೇ ಊರಿನ ಒಂದೇ ಕ್ಲಬ್ಬಿನ ಹೆಸರಿನೊಂದಿಗೆ ಬೆರೆತುಹೋದವರು, ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದವರು. ಅವರ ನಂತರ ಹೈಂಜ್ ಹರ್ಮನ್. 118 ಅಂತರರಾಷ್ಟ್ರೀಯ ಪಂದ್ಯ, 1984ರಿಂದ 88ರವರೆಗೆ ಸತತ ಐದು ಬಾರಿ ವರ್ಷದ ಸ್ವಿಸ್ ಆಟಗಾರ. ಹರ್ಮನ್ ಅವರ ದಾಖಲೆಯಲ್ಲಿ ಎರಡು ಖಾಲಿ ಜಾಗಗಳಿವೆ. ಒಂದೇ ಒಂದು ವಿಶ್ವಕಪ್ಪಿನಲ್ಲಾಗಲಿ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಾಗಲಿ ಅವರು ಆಡಲಿಲ್ಲ, ಏಕೆಂದರೆ ದೇಶವೇ ಅರ್ಹತೆ ಪಡೆಯಲಿಲ್ಲ. ಗ್ರಾಸ್‌ಹಾಪರ್ಸ್, ಕ್ಸಾಮಾಕ್ಸ್, ಸರ್ವೆಟ್, ಆರೌ ಎಂದು ಕ್ಲಬ್ಬು ಬದಲಿಸಿದರೂ ದೇಶದ ಗಡಿ ದಾಟಲಿಲ್ಲ. ದಾಟುವ ತುರ್ತೂ ಇರಲಿಲ್ಲ ಅನ್ನಿ. ಸ್ವಿಸ್ ಫ್ರಾಂಕ್ ಗಟ್ಟಿಯಾಗಿತ್ತು. 1980ರ ದಶಕದಲ್ಲಿ ಆಟಗಾರರ ಹರಿವು ಒಳಮುಖವಾಗಿತ್ತು. ಜರ್ಮನಿಯ ಕಾರ್ಲ್ ಹೈಂಜ್ ರುಮೆನಿಗೆ ಜಿನೀವಾದ ಸರ್ವೆಟ್‌ಗೆ, ಉಲಿ ಸ್ಟೀಲಿಕೆ ಕ್ಸಾಮಾಕ್ಸ್‌ಗೆ, ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ಮಾರ್ಕೊ ತಾರ್ದೆಲಿ ಸೇಂಟ್ ಗಾಲೆನ್‌ಗೆ, ಹೀಗೆ ದೊಡ್ಡ ಹೆಸರುಗಳು ಸಂಜೆಯ ಹೊತ್ತಿನಲ್ಲಿ ಸ್ವಿಟ್ಜರ್ಲೆಂಡಿಗೆ ಬಂದು ಇಳಿಯುತ್ತಿದ್ದವು. ಅತ್ತ ಅಣೆಕಟ್ಟಿಗೆ ಕೂಲಿ, ಇತ್ತ ಮೈದಾನಕ್ಕೆ ತಾರೆ, ಎರಡನ್ನೂ ದೇಶ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ತನ್ನ ಮಿಡ್‌ಫೀಲ್ಡರ್‌ಗಳನ್ನು ಮನೆಯಲ್ಲೇ ಇಟ್ಟುಕೊಂಡಿತ್ತು.

ಹರ್ಮನ್ ರಾಷ್ಟ್ರೀಯ ತಂಡದಿಂದ ಹಿಂದೆ ಸರಿದ 1991ರಲ್ಲೇ ಸ್ಫೋರ್ಜಾ ಒಳಗೆ ಬಂದರು. ಸ್ವಿಸ್ ಅಂಗಿ ತೊಡುವುದಕ್ಕೆ ಮುಂಚೆ ಅವರು ಸ್ವಿಸ್ ಆಗಬೇಕಿತ್ತು, ಆದರು. ಇಪ್ಪತ್ತೊಂದರ ವಯಸ್ಸಿಗೆ ಗ್ರಾಸ್‌ಹಾಪರ್ಸ್ ಪರ ಲೀಗ್ ಗೆದ್ದಿದ್ದರು, ಅಲ್ಲಿ ಕೋಚ್ ಆಗಿದ್ದವರು ಒಟ್ಮಾರ್ ಹಿಟ್ಸ್‌ಫೆಲ್ಡ್. 1992ರ ಆರಂಭದಲ್ಲಿ ಇಂಗ್ಲಿಷ್ ಕೋಚ್ ರಾಯ್ ಹಾಡ್ಸನ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ನಾಲ್ವರು ರಕ್ಷಕರ ಸಾಲು, ನಾಲ್ವರು ಮಿಡ್‌ಫೀಲ್ಡರ್‌ಗಳ ಸಾಲು, ನಡುವಿನ ಅಂತರ ಕಿರಿದು, ಚೆಂಡು ಕಳೆದುಕೊಂಡ ಕೂಡಲೇ ಒಟ್ಟಾಗಿ ಒತ್ತುವುದು: ಇದು ಹಾಡ್ಸನ್ ಪಾಠ. ಈ ಪಾಠ ನಡೆಯಬೇಕಾದರೆ ನಡುವೆ ನಿಂತವನು ಓಟಗಾರನಿಗಿಂತ ಹೆಚ್ಚಾಗಿ ಲೆಕ್ಕ ಇಡುವವನಾಗಿರಬೇಕು. ಮೂವತ್ತನ್ನು ಯಾವಾಗಲೋ ದಾಟಿದ್ದ ಜಾರ್ಜ್ ಬ್ರೆಗಿ ಮತ್ತು ಇಪ್ಪತ್ತೆರಡು, ಇಪ್ಪತ್ಮೂರರ ಸ್ಫೋರ್ಜಾ ಆ ಜೋಡಿ. ಸ್ಫೋರ್ಜಾ ಅವರ ಪಾಸು ಉದ್ದವಾಗಿ ಹೋಗಿ ಸರಿಯಾದ ಕಾಲಿಗೆ ಬೀಳುತ್ತಿತ್ತು. ನಿಂತ ಚೆಂಡನ್ನು ಒದೆಯುವುದರಲ್ಲಿ ಪಳಗಿದ್ದರು. ಸಹ ಆಟಗಾರನ ತಪ್ಪಿಗೆ ಮೈದಾನದಲ್ಲೇ ಕೈ ಎತ್ತಿ ಗದರುವ ಸ್ವಭಾವವೂ ಇತ್ತು. ಅರ್ಹತಾ ಗುಂಪಿನಲ್ಲಿ ಇಟಲಿಯೇ ಎದುರಾಳಿ. ಕಾಲಿಯಾರಿಯಲ್ಲಿ ಸ್ವಿಸ್ ತಂಡ ಎರಡು ಗೋಲು ಮುಂದಿದ್ದು ಕೊನೆಯ ನಿಮಿಷಗಳಲ್ಲಿ 2-2ಕ್ಕೆ ಇಳಿಯಿತು. ಬರ್ನ್‌ನಲ್ಲಿ 1993ರ ಮೇ 1ರಂದು ಮಾರ್ಕ್ ಹಾಟಿಜೆ ಹೊಡೆದ ಒಂದೇ ಗೋಲಿನಿಂದ ಅರಿಗೊ ಸಾಕಿಯವರ ಇಟಲಿ ಸೋತಿತು. ಕಾರ್ಮಿಕರ ದಿನವೇ ಆ ಪಂದ್ಯ ನಡೆದದ್ದು ಕಾಕತಾಳೀಯ ಇರಬಹುದು. ಆದರೆ ಬರ್ನ್‌ನಲ್ಲೂ ಜ್ಯೂರಿಕ್‌ನಲ್ಲೂ ಮೂವತ್ತು ವರ್ಷ ಗಾರೆ ಕಲಸಿದವರ ಮನೆಗಳಲ್ಲಿ ಆ ಸಂಜೆ ಯಾರ ಕಡೆ ಕೂರಬೇಕೆಂಬ ಪ್ರಶ್ನೆ ಸುಲಭದ್ದಾಗಿರಲಿಕ್ಕಿಲ್ಲ.

1966ರ ನಂತರ ಮೊದಲ ಬಾರಿಗೆ ಸ್ವಿಟ್ಜರ್ಲೆಂಡ್ ವಿಶ್ವಕಪ್ಪಿಗೆ ಹೋಯಿತು. 1994ರ ಜೂನ್ 18ರಂದು ಡೆಟ್ರಾಯಿಟ್ ಬಳಿಯ ಮುಚ್ಚಿದ ಕ್ರೀಡಾಂಗಣದಲ್ಲಿ ಅಮೆರಿಕದೊಂದಿಗೆ 1-1, ನಾಲ್ಕು ದಿನ ಬಿಟ್ಟು ರೊಮೇನಿಯಾದ ಮೇಲೆ 4-1. ಕೊಲಂಬಿಯಾದ ಎದುರು ಸೋಲು, ಮುಂದಿನ ಸುತ್ತಿನಲ್ಲಿ ಸ್ಪೇನ್ ಎದುರು 0-3. ರೊಮೇನಿಯಾ ಪಂದ್ಯದ ಸಂಭ್ರಮವನ್ನು ಸ್ವಿಸ್ ಫುಟ್‌ಬಾಲಿನ ಬಗ್ಗೆ ಬರೆಯುವವರೆಲ್ಲ ನೆನೆಯುತ್ತಾರೆ. ನೆನೆಯದೆ ಬಿಡುವುದು ಅದಕ್ಕೆ ಹತ್ತು ದಿನ ಮುಂಚಿನ ಸಂಗತಿಯನ್ನು. ಜೂನ್ 12ರಂದು, ಅಂದರೆ ತಂಡ ಅಮೆರಿಕದಲ್ಲಿ ಮೊದಲ ಪಂದ್ಯ ಆಡುವುದಕ್ಕೆ ಆರೇ ದಿನ ಇದ್ದಾಗ, ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ಮತದಾನ ನಡೆಯಿತು. ಅಲ್ಲಿಯೇ ಬೆಳೆದ ವಿದೇಶಿ ಯುವಜನರಿಗೆ ಪೌರತ್ವ ಸ್ವಲ್ಪ ಸುಲಭವಾಗಲಿ ಎಂಬ ಸಂವಿಧಾನ ತಿದ್ದುಪಡಿ ಅದು. ಮತದಾರರಲ್ಲಿ ಶೇ. 53ರಷ್ಟು ಮಂದಿ ಒಪ್ಪಿದರು. ಆದರೆ ಸಂವಿಧಾನ ಬದಲಿಸಲು ಕ್ಯಾಂಟನ್‌ಗಳ ಬಹುಮತವೂ ಬೇಕು, ಅದು ಸಿಗದೆ ಪ್ರಸ್ತಾವ ಬಿತ್ತು. ವಲಸೆಗಾರನ ಮಗ ತಂಡದ ನಡುವೆ ನಿಂತು ದೇಶವನ್ನು ಜಗತ್ತಿನ ಮುಂದೆ ನಡೆಸುತ್ತಿದ್ದ ವಾರದಲ್ಲೇ ಅವನಂಥ ಸಾವಿರಾರು ಮಕ್ಕಳ ಮುಂದೆ ದೇಶ ಬಾಗಿಲನ್ನು ಇದ್ದಷ್ಟೇ ಕಿರಿದಾಗಿ ಇಟ್ಟಿತು. ಇದನ್ನು ಬೂಟಾಟಿಕೆ ಎಂದು ಕರೆಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಮತ ಹಾಕಿದವರು, ಚಪ್ಪಾಳೆ ತಟ್ಟಿದವರು ಎರಡು ಬೇರೆ ಗುಂಪುಗಳಾಗಿರಬೇಕಾಗಿಲ್ಲ, ಒಬ್ಬನೇ ಮನುಷ್ಯ ಎರಡನ್ನೂ ಮನಃಪೂರ್ವಕವಾಗಿ ಮಾಡಬಲ್ಲ. ಕೆಲಸಕ್ಕೆ ಬೇಕಾದವನನ್ನು ಒಬ್ಬೊಬ್ಬನಾಗಿ ಒಪ್ಪಿಕೊಳ್ಳುವುದು, ವರ್ಗವನ್ನು ಒಟ್ಟಾಗಿ ಒಪ್ಪದಿರುವುದು, ಇದು ಹಂಗಾಮಿನ ಪರವಾನಗಿಯ ಕಾಲದಿಂದಲೂ ನಡೆದುಬಂದ ರೀತಿ.

ಸ್ಫೋರ್ಜಾ 1993ರಲ್ಲೇ ಜರ್ಮನಿಯ ಕೈಸರ್ಸ್‌ಲೌಟರ್ನ್ ಕ್ಲಬ್ಬಿಗೆ ಹೋಗಿದ್ದರು. ಅವರ ವರ್ಗಾವಣೆಗಳ ಪಟ್ಟಿಯನ್ನು ಕ್ಲಬ್ಬುಗಳ ಹೆಸರಿನ ಬದಲು ಕರೆದವರ ಹೆಸರಿನಿಂದ ಓದಿದರೆ ಒಂದು ಕ್ರಮ ಎದ್ದು ಕಾಣುತ್ತದೆ. ಕೈಸರ್ಸ್‌ಲೌಟರ್ನ್‌ನಲ್ಲಿ ಆಗ ಕೋಚ್ ಫ್ರೀಡೆಲ್ ರೌಶ್. ಜರ್ಮನಿಯವರಾದರೂ ಹಿಂದಿನ ವರ್ಷಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆದು, 1989ರಲ್ಲಿ ಲುಸರ್ನ್‌ಗೆ ಲೀಗ್ ಗೆದ್ದುಕೊಟ್ಟು ಬಂದವರು. ಸ್ವಿಸ್ ಮೈದಾನಗಳಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಕಣ್ಣಾರೆ ಗೊತ್ತಿತ್ತು. 1995ರಲ್ಲಿ ಬಯರ್ನ್ ಮ್ಯೂನಿಕ್; ಅಲ್ಲಿ ಕೋಚ್ ಒಟ್ಟೊ ರೆಹಾಗೆಲ್. 1996ರಲ್ಲಿ ಮಿಲಾನ್‌ನ ಇಂಟರ್. ಅಲ್ಲಿ ಅದೇ ರಾಯ್ ಹಾಡ್ಸನ್. 1997ರಲ್ಲಿ ಮತ್ತೆ ಕೈಸರ್ಸ್‌ಲೌಟರ್ನ್. ಈ ಬಾರಿ ಅಲ್ಲಿ ಅದೇ ರೆಹಾಗೆಲ್. 2000ದಲ್ಲಿ ಮತ್ತೆ ಬಯರ್ನ್. ಈಗ ಅಲ್ಲಿ ಗ್ರಾಸ್‌ಹಾಪರ್ಸ್ ದಿನಗಳ ಹಿಟ್ಸ್‌ಫೆಲ್ಡ್. ಮೂವರು ಕೋಚುಗಳು, ಪ್ರತಿಯೊಬ್ಬರ ಕೈಕೆಳಗೂ ಎರಡೆರಡು ಬಾರಿ. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಹೊಸ ಊರಿನಲ್ಲಿ ಹೊಸ ಕೆಲಸ ಹಿಡಿದಾಗ ಹಳೆಯ ಆಳುಗಳಿಗೇ ಹೇಳಿಕಳಿಸುತ್ತಾನಲ್ಲ, ಅದೇ ಬಗೆ. ಗೊತ್ತಿರುವ ಕೈಯ ಮೇಲೆ ಅವನಿಗೆ ನಂಬಿಕೆ. ಮುಂಚೂಣಿ ಆಟಗಾರನನ್ನು ಗೋಲುಗಳ ಸಂಖ್ಯೆ ನೋಡಿ ಕೊಳ್ಳಬಹುದು. ಮಿಡ್‌ಫೀಲ್ಡರನ ಕೆಲಸ ಅಂಥ ಸಂಖ್ಯೆಯಲ್ಲಿ ಸಿಕ್ಕುವುದಿಲ್ಲ, ದೇಶದ ಪರ 79 ಪಂದ್ಯಗಳಲ್ಲಿ ಸ್ಫೋರ್ಜಾ ಹೊಡೆದದ್ದು ಆರೇ ಗೋಲು. ಜೊತೆಗೆ ದುಡಿಸಿ ನೋಡಿದವನಿಗೆ ಮಾತ್ರ ಆ ಬೆಲೆ ತಿಳಿಯುತ್ತದೆ. ಹಾಗಾಗಿ ಈ ಜಾಗದ ಆಟಗಾರರ ಮಾರುಕಟ್ಟೆ ಇತರರದಕ್ಕಿಂತ ಹೆಚ್ಚಾಗಿ ಪರಿಚಯದ ಮೇಲೆ ನಡೆಯುತ್ತದೆ, ಮತ್ತು ಆ ಕಾಲದ ಗಡಿ ನಿಯಮಗಳು ಪರಿಚಯದ ಬೆಲೆಯನ್ನು ಇನ್ನಷ್ಟು ಏರಿಸಿದವು. 1992ರ ಡಿಸೆಂಬರ್ 6ರಂದು ಯುರೋಪಿಯನ್ ಆರ್ಥಿಕ ವಲಯ ಸೇರುವುದನ್ನು ಸ್ವಿಸ್ ಮತದಾರರು ಕೂದಲೆಳೆಯಷ್ಟು ಅಂತರದಲ್ಲಿ ತಿರಸ್ಕರಿಸಿದ್ದರು. 1995ರ ಬಾಸ್ಮನ್ ತೀರ್ಪು ವಿದೇಶಿ ಆಟಗಾರರ ಮಿತಿಯನ್ನು ತೆಗೆದು ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಕ್ಲಬ್ಬುಗಳ ಬಾಗಿಲು ತೆರೆದಾಗ ಸ್ವಿಸ್ ಪಾಸ್‌ಪೋರ್ಟ್ ಅದರ ಹೊರಗಿತ್ತು. ವಿದೇಶಿಗೆ ಮೀಸಲಾದ ಬೆರಳೆಣಿಕೆಯ ಜಾಗಗಳಲ್ಲಿ ಒಂದನ್ನು ಮಿಡ್‌ಫೀಲ್ಡರನಿಗೆ ಕೊಡಬೇಕೆಂದರೆ ಕೋಚಿಗೆ ಆತನ ಬಗ್ಗೆ ಸಂಶಯವೇ ಇರಬಾರದು. ಜರ್ಮನಿ ತೀರ್ಪಿನ ಬೆನ್ನಿಗೇ ಯುರೋಪಿನ ಎಲ್ಲ ಫುಟ್‌ಬಾಲ್ ಸಂಸ್ಥೆಗಳ ಆಟಗಾರರಿಗೂ ಮಿತಿ ತೆಗೆದುಹಾಕಿತು. ಸ್ವಿಸ್ ಆಟಗಾರರ ದಾರಿ ಆ ದೇಶದ ಕಡೆಗೇ ಏಕೆ ಹೆಚ್ಚು ಸಾಗಿತು ಎಂಬುದಕ್ಕೆ ಭಾಷೆಯ ಜೊತೆ ಇದೂ ಕಾರಣ.

ಮಿಲಾನ್ ಅಧ್ಯಾಯ ಚಿಕ್ಕದು, ಆದರೆ ನನ್ನ ವಾದಕ್ಕೆ ಅದು ಮುಖ್ಯ. ರಕ್ತದ, ಭಾಷೆಯ ನಂಟು ಬದುಕನ್ನು ನಿರ್ಧರಿಸುವುದಾದರೆ ಇಟಲಿಯ ಮಗ ಇಟಲಿಯಲ್ಲಿ ಬೇರು ಬಿಡಬೇಕಿತ್ತು. ಕೋಚ್ ಹಳೆಯ ಪರಿಚಯದವರು, ಮಾತು ಮನೆಯದು, ಕ್ಲಬ್ಬು ಯುರೋಪಿನ ದೊಡ್ಡ ಹೆಸರುಗಳಲ್ಲಿ ಒಂದು. ಇಂಟರ್ ಆ ಸೀಸನ್ನಿನಲ್ಲಿ ಯುಇಎಫ್‌ಎ ಕಪ್ಪಿನ ಫೈನಲ್ ತಲುಪಿ ಜರ್ಮನಿಯ ಶಾಲ್ಕೆ ಎದುರು ಪೆನಾಲ್ಟಿಗಳಲ್ಲಿ ಸೋತಿತು. ಹಾಡ್ಸನ್ ಹೊರಟರು, ಸ್ಫೋರ್ಜಾ ಒಂದೇ ವರ್ಷಕ್ಕೆ ಜರ್ಮನಿಗೆ ಹಿಂತಿರುಗಿದರು. ತಂದೆತಾಯಿ ಬಿಟ್ಟುಬಂದ ದೇಶ ಮಗನ ಪಾಲಿಗೆ ಇನ್ನೊಂದು ಕೆಲಸದ ಜಾಗವಾಗಿತ್ತು, ಅದಕ್ಕಿಂತ ಹೆಚ್ಚೇನಲ್ಲ.

ಅವರು ಬೇರು ಬಿಟ್ಟದ್ದು ಜರ್ಮನಿಯ ನೈರುತ್ಯ ಮೂಲೆಯ, ಒಂದು ಲಕ್ಷದಷ್ಟು ಜನರ ಕೈಸರ್ಸ್‌ಲೌಟರ್ನ್‌ನಲ್ಲಿ. ಬೆಟ್ಸೆನ್‌ಬರ್ಗ್ ಎಂಬ ಗುಡ್ಡದ ಮೇಲಿನ ಕ್ರೀಡಾಂಗಣವೇ ಆ ಊರಿನ ಗುರುತು. ಮೊದಲ ಸರದಿಯಲ್ಲಿ, 1994ರಲ್ಲಿ, ತಂಡ ಒಂದೇ ಅಂಕದಿಂದ ಲೀಗನ್ನು ಬಯರ್ನ್‌ಗೆ ಬಿಟ್ಟುಕೊಟ್ಟಿತ್ತು. ಸ್ಫೋರ್ಜಾ ಇಲ್ಲದ 1996ರಲ್ಲಿ ಎರಡನೆಯ ದರ್ಜೆಗೆ ಜಾರಿತು, ಮರುವರ್ಷ ಮೇಲೆ ಬಂತು. 1997ರ ಆಗಸ್ಟ್ 2, ಹೊಸ ಸೀಸನ್ನಿನ ಮೊದಲ ಪಂದ್ಯ, ಮ್ಯೂನಿಕ್‌ನಲ್ಲಿ ಬಯರ್ನ್ ಎದುರು. ಪಂದ್ಯ ಮುಗಿಯಲು ಹತ್ತು ನಿಮಿಷವಿದ್ದಾಗ ಸ್ಫೋರ್ಜಾ ಒದ್ದ ಫ್ರೀ ಕಿಕ್ಕಿಗೆ ಡೆನ್ಮಾರ್ಕಿನ ಮೈಕೆಲ್ ಶೋನ್‌ಬರ್ಗ್ ತಲೆ ಕೊಟ್ಟರು, 1-0. ಆಗ ಅದನ್ನು ಯಾರೂ ಮುನ್ಸೂಚನೆ ಎಂದುಕೊಳ್ಳಲಿಲ್ಲ. ಆದರೆ ಕೆಳದರ್ಜೆಯಿಂದ ಆಗತಾನೆ ಬಂದ ತಂಡ ಮೇಲಕ್ಕೇರಿ ಅಲ್ಲಿಯೇ ಕೂತಿತು. 1998ರ ಮೇ 2ರಂದು ವುಲ್ಫ್ಸ್‌ಬರ್ಗನ್ನು 4-0ರಿಂದ ಸೋಲಿಸಿ ಒಂದು ಪಂದ್ಯ ಬಾಕಿ ಇರುವಾಗಲೇ ಲೀಗ್ ಗೆದ್ದಿತು. ಕೊನೆಯ ಲೆಕ್ಕ 68 ಅಂಕ, ಬಯರ್ನ್‌ಗೆ 66. ಬುಂಡೆಸ್‌ಲೀಗಾದಲ್ಲಿ ಬಡ್ತಿ ಪಡೆದ ವರ್ಷವೇ ಚಾಂಪಿಯನ್ ಆದ ತಂಡ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೆಯೂ ಬಂದಿಲ್ಲ. ಇದನ್ನೆಲ್ಲ ಸ್ಫೋರ್ಜಾ ಒಬ್ಬರ ಖಾತೆಗೆ ಬರೆದರೆ ಅನ್ಯಾಯ. 21 ಗೋಲು ಹೊಡೆದವರು ಓಲಾಫ್ ಮಾರ್ಶಲ್, ತಂಡ ಕಟ್ಟಿದವರು ಬಯರ್ನ್ ಕೆಲಸದಿಂದ ತೆಗೆದಿದ್ದ ರೆಹಾಗೆಲ್, ವಿಶ್ವಕಪ್ ಗೆದ್ದ ಆಂದ್ರೆಯಾಸ್ ಬ್ರೆಮೆಯಂಥ ಹಿರಿಯರೂ ಇದ್ದರು. ಆದರೆ ಬಡ್ತಿ ಪಡೆದ ತಂಡಕ್ಕೂ ಚಾಂಪಿಯನ್ ತಂಡಕ್ಕೂ ನಡುವೆ ಕೊಂಡುತಂದ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ, ಇಂಟರ್‌ನಿಂದ ಬಂದ ಸ್ವಿಸ್ ಮಿಡ್‌ಫೀಲ್ಡರನ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ. ಇದಕ್ಕೆ ಹೋಲಿಸಿದರೆ ಬಯರ್ನ್‌ನ ಎರಡನೆಯ ಸರದಿ ಕಪ್ಪುಗಳಲ್ಲಿ ಭಾರಿ, ಪಾತ್ರದಲ್ಲಿ ಹಗುರ. 2001ರಲ್ಲಿ ತಂಡ ಲೀಗನ್ನೂ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು, ಫೈನಲ್ ಪಂದ್ಯದಲ್ಲಿ ಸ್ಫೋರ್ಜಾ ಮೈದಾನಕ್ಕೆ ಇಳಿಯಲಿಲ್ಲ. 2002ರಲ್ಲಿ ಮೂರನೆಯ ಬಾರಿ ಅದೇ ಗುಡ್ಡಕ್ಕೆ ಮರಳಿದರು.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳಿಗೆ ಉತ್ತರಿಸಬೇಕು. ಒಂದು, ಕೋಟಿಗಟ್ಟಲೆ ಸಂಪಾದಿಸುವ ಆಟಗಾರನನ್ನು ಗುಡಿಸಲಿನಲ್ಲಿ ಮಲಗಿದ ಅಣೆಕಟ್ಟಿನ ಕೂಲಿಯ ಪಕ್ಕ ನಿಲ್ಲಿಸುವುದು ಕೂಲಿಗೇ ಮಾಡುವ ಅವಮಾನವಲ್ಲವೇ? ನೋವನ್ನು ಹೋಲಿಸಿದರೆ ಹೌದು. ನಾನು ಹೋಲಿಸುತ್ತಿರುವುದು ನಿಯಮಗಳನ್ನು. ಪರವಾನಗಿ, ವಿದೇಶಿಯರ ಮಿತಿ, ಪೌರತ್ವದ ಅರ್ಜಿ, ಪರಿಚಯಸ್ಥರ ಕರೆ, ಬೇಡವಾದಾಗ ಬರುವ ಬಿಡುಗಡೆ ಇವು ಇಬ್ಬರ ಬದುಕಿನಲ್ಲೂ ಇದ್ದವು. ಆಟಗಾರನಿಗೆ ಅವು ಸಡಿಲವಾಗಿ ತಾಗಿದವು ಎಂಬುದೂ ಪುರಾವೆಯೇ, ಎಷ್ಟು ಉಪಯೋಗವೋ ಅಷ್ಟು ಸಡಿಲ. ಎರಡು, ಹೆಚ್ಚು ಗಟ್ಟಿಯಾದ ತಕರಾರು: ಅದೇ ವರ್ಷಗಳಲ್ಲಿ ಸ್ಟೆಫಾನ್ ಶಾಪ್ವಿಸಾ ಡಾರ್ಟ್‌ಮಂಡ್‌ಗೆ, ಆಡ್ರಿಯನ್ ಕ್ನುಪ್ ಸ್ಟುಟ್‌ಗಾರ್ಟ್‌ಗೆ, ಅಲನ್ ಸುಟ್ಟರ್ ನ್ಯೂರೆನ್‌ಬರ್ಗ್‌ಗೆ ಹೋದರು. ಇವರು ಕೂಲಿಗಳ ಮಕ್ಕಳಲ್ಲ. ಹಾಗಾದರೆ ವಲಸೆಯ ಕತೆ ಇಲ್ಲಿ ಏನನ್ನು ವಿವರಿಸುತ್ತದೆ? ಸ್ವಿಸ್ ಆಟಗಾರರು ಹೊರಗೆ ಹೋಗಲು ಶುರುವಾದದ್ದನ್ನು ವಿವರಿಸುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಜರ್ಮನಿಯ ಟೆಲಿವಿಷನ್ ಹಣ ಕಾರಣ, ಹಾಡ್ಸನ್ ತಂಡದ ಹೆಸರು ಕಾರಣ. ವಲಸೆಯ ಚರಿತ್ರೆ ವಿವರಿಸುವುದು ಅದಕ್ಕಿಂತ ಹಿಂದಿನ ಹಂತವನ್ನು: ಹೀಗೆ ಹೊರಗೆ ಹೋದ ಸ್ವಿಸ್ ಆಟಗಾರರ ಸಾಲಿನಲ್ಲಿ ನಿಲ್ಲಲು ಯಾರಿಗೆ ಸಾಧ್ಯವಾಯಿತು, ಎಷ್ಟು ಸಣ್ಣ ಅಂತರದಲ್ಲಿ ಸಾಧ್ಯವಾಯಿತು ಎಂಬುದನ್ನು. ಶಾಪ್ವಿಸಾ ಸ್ವಿಸ್ ಆಗಿರಲು ಯಾವ ಮತದಾನವೂ ಬೇಕಿರಲಿಲ್ಲ. ಮೂರು, ಸ್ವಿಸ್ ಮಿಡ್‌ಫೀಲ್ಡ್ ಬೆಳೆದದ್ದು ಸ್ವಿಸ್ ಫುಟ್‌ಬಾಲ್ ಸಂಸ್ಥೆಯ ತರಬೇತಿ ಯೋಜನೆಯಿಂದ ಎನ್ನುವವರಿದ್ದಾರೆ. ಆ ಯೋಜನೆ ನಿಜ, ದೊಡ್ಡದು. 2002ರಲ್ಲಿ 17 ವರ್ಷದೊಳಗಿನವರ ಯುರೋಪಿಯನ್ ಪ್ರಶಸ್ತಿಯನ್ನೂ 2009ರಲ್ಲಿ ಅದೇ ವಯೋಮಾನದ ವಿಶ್ವಕಪ್ಪನ್ನೂ ಅದು ತಂದುಕೊಟ್ಟಿತು. ಆದರೆ ಅದು ರೂಪುಗೊಂಡದ್ದು 1990ರ ದಶಕದ ನಡುಭಾಗದ ನಂತರ, ಆಗ ಸ್ಫೋರ್ಜಾ ಆಗಲೇ ಬಯರ್ನ್‌ನಲ್ಲಿದ್ದರು. ಯೋಜನೆಗೆ ಸಿಕ್ಕ ಮಕ್ಕಳಲ್ಲಿ ಬಹಳಷ್ಟು ಮಂದಿ ವಲಸೆ ಕುಟುಂಬಗಳವರು ಎಂಬುದನ್ನು ಯೋಜನೆಯೇ ಹುಟ್ಟಿಸಲಿಲ್ಲ.

ಆ ಮುಂದಿನ ಮಕ್ಕಳು ಇಟಲಿಯವರಲ್ಲ. ಗೋಖಾನ್ ಇನ್ಲರ್ ತುರ್ಕಿ ಮೂಲದವರು. ವಲೋನ್ ಬೆಹ್ರಾಮಿ, ಗ್ರಾನಿಟ್ ಜಾಕಾ ಅವರ ಕುಟುಂಬಗಳು ಹಳೆಯ ಯುಗೊಸ್ಲಾವಿಯಾದಿಂದ, ಕೊಸೊವೊ ಕಡೆಯಿಂದ ಬಂದವು. ಇವರು ಬರುವ ಹೊತ್ತಿಗೆ ಇಟಲಿಯವರ ಬಗೆಗಿನ ಹಳೆಯ ಅಸಹನೆ ಕರಗಿತ್ತು, ಅವರ ಅಡುಗೆ, ಕಾಫಿ, ಬೀದಿ ಬದುಕು ಸ್ವಿಸ್ ನಗರಗಳ ಹೆಮ್ಮೆಯಾಗಿಬಿಟ್ಟಿತ್ತು. ಎಷ್ಟರ ಮಟ್ಟಿಗೆ ಎಂಬುದಕ್ಕೆ 2000ದ ಮಾರ್ಚ್‌ನಲ್ಲಿ ಲುಸರ್ನ್ ಬಳಿಯ ಎಮೆನ್ ಪಟ್ಟಣದಲ್ಲಿ ನಡೆದದ್ದನ್ನು ನೋಡಬೇಕು. ಪೌರತ್ವದ ಅರ್ಜಿಗಳನ್ನು ಅಲ್ಲಿನ ಮತದಾರರ ಮುಂದಿಟ್ಟರು. ಇಟಲಿಯ ಅರ್ಜಿದಾರರೆಲ್ಲ ಗೆದ್ದರು, ಉಳಿದವರು, ಹೆಚ್ಚಿನಂಶ ಯುಗೊಸ್ಲಾವಿಯಾ ಮೂಲದವರು, ಸೋತರು. ಮತಪೆಟ್ಟಿಗೆಯಲ್ಲಿ ಪೌರತ್ವ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. ಸ್ಫೋರ್ಜಾ ಅವರ ಸಾಧನೆಯೇ ಇಟಲಿಯವರ ಹಾದಿ ಸುಗಮ ಮಾಡಿತು ಎಂದು ವಾದಿಸುವವರಿಗೆ ಎಮೆನ್ ಒಂದು ತೊಡಕು. ಆಟದ ಕೀರ್ತಿ ಹಾದಿ ಮಾಡುವುದಾದರೆ ತುರ್ಕಿಲ್ಮಾಜ್ ಅವರ ಗೋಲುಗಳು ಇಟಲಿಯೇತರರಿಗೂ ಅಷ್ಟೇ ಹಾದಿ ಮಾಡಬೇಕಿತ್ತು. ಇಟಲಿಯವರನ್ನು ಒಳಗೆ ತಂದದ್ದು ಹೆಚ್ಚಾಗಿ ಕಾಲ, ಮತ್ತು ಅವರ ಹಿಂದೆ ಬಂದು ಸಾಲಿನ ಕೊನೆಯಲ್ಲಿ ನಿಂತ ಹೊಸಬರು.

2006ರಲ್ಲಿ ಕೈಸರ್ಸ್‌ಲೌಟರ್ನ್ ಮತ್ತೆ ಎರಡನೆಯ ದರ್ಜೆಗೆ ಇಳಿಯಿತು, ಸ್ಫೋರ್ಜಾ ಆಟ ನಿಲ್ಲಿಸಿ ಸ್ವಿಟ್ಜರ್ಲೆಂಡಿಗೆ ಬಂದು ಲುಸರ್ನ್ ತಂಡದ ಕೋಚ್ ಆದರು. ಆಮೇಲೆ ಗ್ರಾಸ್‌ಹಾಪರ್ಸ್, ಹುಟ್ಟೂರು ವೋಲೆನ್, 2020ರಲ್ಲಿ ಬಾಸೆಲ್, ಹೀಗೆ ಆ ಕೆಲಸ ಸಾಗಿತು. ಆಟಗಾರನಾಗಿ ಸಿಕ್ಕ ಎತ್ತರ ಅದರಲ್ಲಿ ಸಿಕ್ಕಲಿಲ್ಲ. ಪೌರತ್ವದ ಪ್ರಶ್ನೆಯೂ ನಿಂತಲ್ಲಿ ನಿಲ್ಲಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಎರಡನೆಯ ತಲೆಮಾರಿಗೆ ಅರ್ಜಿ ಸುಲಭ ಮಾಡುವ ಪ್ರಸ್ತಾವವನ್ನೂ ಮೂರನೆಯ ತಲೆಮಾರಿನದನ್ನೂ ಮತದಾರರು ಒಟ್ಟಿಗೆ ತಿರಸ್ಕರಿಸಿದರು. 2017ರ ಫೆಬ್ರವರಿ 12ರಂದು ಮೂರನೆಯ ತಲೆಮಾರಿನದು ಮಾತ್ರ ಮತ್ತೆ ಬಂತು, ಶೇ. 60ರಷ್ಟು ಮತ ಪಡೆದು ಗೆದ್ದಿತು. ಅಜ್ಜ ಅಥವಾ ಅಜ್ಜಿ ಆ ದೇಶಕ್ಕೆ ಬಂದು ನೆಲೆಸಿದ್ದರೆ, ಅಪ್ಪ ಅಥವಾ ಅಮ್ಮ ಅಲ್ಲೇ ಓದಿ ಬೆಳೆದಿದ್ದರೆ, ಅಲ್ಲಿಯೇ ಹುಟ್ಟಿದ ಮೊಮ್ಮಕ್ಕಳಿಗೆ ಈಗ ಹಾದಿ ಹತ್ತಿರ. ಬಂದವರ ಸ್ವಂತ ಮಕ್ಕಳು, ಸ್ಫೋರ್ಜಾ ಅವರಂತೆ ಅಲ್ಲಿ ಹುಟ್ಟಿದ ಮೊದಲ ತಲೆಮಾರಿನವರು, ಇಂದಿಗೂ ಉದ್ದದ ಹಾದಿಯಲ್ಲೇ ಹೋಗಬೇಕು.